ಬಳೆ ಡಬ್ಬಿ ಮತ್ತು ಒಂದಿಷ್ಟು ಎಂಡ

ನನ್ನ ಮೇಜಿನ ಮೇಲೆ ಒಂದು ಬಳೆ ಡಬ್ಬಿ ಇದೆ. ಅದರೊಳಗೆ ಬಳೆಗಳಿಲ್ಲ. ಉದ್ದನೆಯ ರಟ್ಟಿನ ಡಬ್ಬಿ, ಮುಚ್ಚಳಕ್ಕೆ ಮಿಂಚುವ ಹಸಿರು ಕಾಗದ, ಒಂದು ಮೂಲೆ ಇಲಿ ಕಡಿದ ಹಾಗೆ ಹರಿದಿದೆ. ಅಲ್ಲಾಡಿಸಿದರೆ ತಳದಲ್ಲಿ ಎಲ್ಲೋ ಸಿಕ್ಕಿಕೊಂಡಿರುವ ಗಾಜಿನ ಚೂರೊಂದು ಸಣ್ಣಗೆ ಸದ್ದು ಮಾಡುತ್ತದೆ. ಸಿರಾದ ಪೇಟೆಯ ಒಂದು ಬಳೆ ಅಂಗಡಿಯಿಂದ ಮಧುಗಿರಿಯ ನಮ್ಮ ಸರ್ಕಾರಿ ಪ್ರೌಢಶಾಲೆಗೆ ಬಂದ ಡಬ್ಬಿ ಇದು. ತಂದವಳು ನಮ್ಮ ಶಾಲೆಯ ಇನ್ನೊಬ್ಬ ಕನ್ನಡ ಟೀಚರು ಶಾಹೀನ್. ಅಂಗಡಿ ಅವಳ ಅಪ್ಪನದು. ಅವಳು ಈಗ ಇಲ್ಲಿಲ್ಲ. ವರ್ಗವಾಗಿ ತನ್ನ ಊರಿಗೇ ಹೋದಳು. ಹೋಗುವ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಖರ್ಜೂರ ಹಂಚಿ, ನನಗೆ ಮಾತ್ರ ಈ ಡಬ್ಬಿ ಕೊಟ್ಟು, "ಆಪಾ, ಇದು ನಿಮ್ಗೇ" ಎಂದಳು. ನಾನು ಅವಳಿಗೆ ಆಪಾ, ಅಂದರೆ ಅಕ್ಕ.

"ಅಯ್ಯೋ, ನನಗ್ಯಾಕಮ್ಮ?" ಎಂದೆ. ಒಳಗೆ ಅಂದುಕೊಂಡದ್ದು ಬೇರೆ. ಕೊನೆಗೂ ಬಂತು ನನ್ನ ಕೈಗೆ, ಎಂದು.

ಇದು ಹೊಟ್ಟೆಕಿಚ್ಚಿನ ಬರಹ ಎಂದು ಮೊದಲೇ ಹೇಳಿಬಿಡುವುದು ವಾಸಿ. ಎಷ್ಟು ಮುಚ್ಚಿಟ್ಟರೂ ಅರ್ಧ ಓದುವಷ್ಟರಲ್ಲಿ ನಿಮಗೆ ವಾಸನೆ ಬಡಿಯುತ್ತದೆ. ನಾನು ಮಧುಗಿರಿಯಲ್ಲಿ ಕನ್ನಡ ಟೀಚರು. ವಿಶ್ವವಿದ್ಯಾಲಯಕ್ಕೆ ಹೋಗಿ ಎಂ.ಎ. ಮಾಡಿದವಳು. ಛಂದಸ್ಸು, ಅಲಂಕಾರ, ಮೀಮಾಂಸೆ ಎಲ್ಲ ಓದಿದ್ದೇನೆ. ಶಾಹೀನಳೂ ಅವನ್ನೇ ಓದಿದ್ದಾಳೆ. ಆದರೆ ಅವೆಲ್ಲವನ್ನೂ ಚಪ್ಪಲಿಯ ಜೊತೆಗೆ ಹೊರಗೆ ಬಿಟ್ಟು ತರಗತಿಯೊಳಗೆ ಹೋಗುವ ಕಲೆ ಅವಳಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ನನಗೆ ಗೊತ್ತಿದ್ದದ್ದು ಏನು ಎಂಬುದನ್ನು ಹೋದ ವಾರ ಬಸ್ ಸ್ಟಾಂಡಿನಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಯೊಬ್ಬ ಒಂದೇ ಮಾತಿನಲ್ಲಿ ಹೇಳಿಬಿಟ್ಟ. ಮಗುವನ್ನು ಎತ್ತಿಕೊಂಡು ಹೆಂಡತಿಯ ಜೊತೆ ನಿಂತಿದ್ದವನು ನನ್ನನ್ನು ಕಂಡು ಓಡಿಬಂದು, "ಚೆನ್ನಾಗಿದೀರಾ ಮಿಸ್? ಬನ್ನಿ ಮಿಸ್, ಟೀ ಕುಡೀರಿ" ಎಂದು ಉಪಚಾರ ಮಾಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, ತಾನು ಪಿಸುಗುಟ್ಟುತ್ತಿದ್ದೇನೆ ಎಂಬ ನಂಬಿಕೆಯಿಂದ, "ನಾನ್ ಹೇಳ್ತಿದ್ನಲ್ಲ, ಇಲ್ಲಿ ಕವಿಯು ಮಿಸ್ಸು, ಇವ್ರೇ ಕಣೆ" ಎಂದ.

'ಇಲ್ಲಿ ಕವಿಯು' ನನ್ನ ಅಡ್ಡಹೆಸರು. ಯಾವ ಪದ್ಯವಾದರೂ ಸರಿ, ಒಂದು ನುಡಿ ಓದಿದ ತಕ್ಷಣ ನನ್ನ ಬಾಯಿಂದ ತಾನಾಗಿಯೇ ಹೊರಡುತ್ತಿದ್ದ ಮಾತು ಅದು. ಇಲ್ಲಿ ಕವಿಯು ಏನನ್ನು ಹೇಳಹೊರಟಿದ್ದಾರೆಂದರೆ... ಪಾಪ, ಕವಿ ಏನು ಹೇಳಬೇಕೋ ಅದನ್ನು ಆಗಲೇ ಹೇಳಿ ಮುಗಿಸಿರುತ್ತಿದ್ದರು. ನಾನು ವಕೀಲಳ ಹಾಗೆ ಎದ್ದು ನಿಂತು ಅವರ ಪರವಾಗಿ ಮತ್ತೊಮ್ಮೆ ಹೇಳುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಈ ಅಡ್ಡಹೆಸರು ನನಗೆ ಗೊತ್ತಿಲ್ಲದ ಹಾಗೆ ಎಷ್ಟೋ ವರ್ಷ ನಟಿಸಿದ್ದೇನೆ. ಆದರೆ ಆ ಮಾತೇ ಚಟವಾಗಿ ಹೋಗಿ, ಒಮ್ಮೆ ಮನೆಯಲ್ಲಿ ಕರೆಂಟ್ ಬಿಲ್ಲು ಓದುವಾಗಲೂ "ಇಲ್ಲಿ ಕವಿಯು" ಎಂದು ಶುರುಮಾಡಿದ್ದೆ.

ಈ ಚಟ ಎಲ್ಲಿ ಅಂಟಿತು ಎಂದು ಹುಡುಕಿಕೊಂಡು ಹೋದರೆ ಕೊಳಾಲದ ನನ್ನ ಪ್ರೈಮರಿ ಸ್ಕೂಲಿನ ಜಗುಲಿಗೆ ಹೋಗಿ ನಿಲ್ಲುತ್ತೇನೆ. ಅಲ್ಲಿ ನಮ್ಮ ಮೇಷ್ಟ್ರು ಪದ್ಯದ ಪಾಠ ಬಂದಾಗಲೆಲ್ಲ, "ರತ್ನಾ ಹಾಡ್ಲಿ, ನೀನು ಅರ್ಥ ಹೇಳು" ಎನ್ನುತ್ತಿದ್ದರು. ರತ್ನ ಎರಡು ಜಡೆಯನ್ನೂ ಮುಂದಕ್ಕೆ ಹಾಕಿಕೊಂಡು ಎದ್ದು ನಿಂತು ಹಾಡಿದರೆ, ರಸ್ತೆಯಲ್ಲಿ ರಾಗಿ ಮೂಟೆ ಹೊತ್ತು ಹೋಗುತ್ತಿದ್ದವರೂ ನಿಲ್ಲುತ್ತಿದ್ದರು. ಅವಳು ಕೂತ ಮೇಲೆ ನಾನು ಎದ್ದು ಅರ್ಥ ಹೇಳುತ್ತಿದ್ದೆ. ನಿಂತವರು ಮೂಟೆ ಸರಿಮಾಡಿಕೊಂಡು ಹೊರಟುಹೋಗುತ್ತಿದ್ದರು. ನನ್ನ ಹೊಟ್ಟೆಕಿಚ್ಚಿನ ಮೊದಲ ಪಾಠ ಅದು. ಹೀಗೆಂದು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಈಚೆಗೆ ನನ್ನ ತಮ್ಮನ ಹತ್ತಿರ ಇದನ್ನೇ ಹೇಳುತ್ತಿದ್ದಾಗ ಅವನು ಊಟದ ತಟ್ಟೆಯಿಂದ ತಲೆಯೆತ್ತಿ, "ರತ್ನ ನಿನ್ ಕ್ಲಾಸೆಲ್ಲಿದ್ಲು ಕಣಕ್ಕ? ಅವ್ಳು ನನ್ ಕ್ಲಾಸು. ನೀನು ಮಿಡ್ಲ್ ಸ್ಕೂಲಿಗೆ ಹೋದ್ಮೇಲೆ ಸೇರ್ಕೊಂಡಿದ್ದು" ಎಂದ.

ಹಾಗಾದರೆ ಹಾಡಿದವರು ಯಾರು? ಅಥವಾ ಯಾರೂ ಹಾಡಲೇ ಇಲ್ಲವೋ? ಹೊಟ್ಟೆಕಿಚ್ಚು ಮಾತ್ರ ನಿಜ. ಅದು ಇನ್ನೂ ಬಿಸಿಯಾಗಿದೆ. ಅದಕ್ಕೊಂದು ಮುಖ ಬೇಕಾಗಿ ತಮ್ಮನ ಕ್ಲಾಸಿನಿಂದ ರತ್ನಳನ್ನು ಎಳೆತಂದೆನೋ ಏನೋ. ಅಂದಿನಿಂದ ನೆನಪಿನ ಮಾತು ಬಂದಾಗ ನಾನು ಸ್ವಲ್ಪ ಹುಷಾರಾಗಿದ್ದೇನೆ. ನೀವೂ ಇದನ್ನು ಓದುವಾಗ ಸ್ವಲ್ಪ ಹುಷಾರಾಗಿರಿ.

ಶಾಹೀನ್ ನಮ್ಮ ಶಾಲೆಗೆ ಬಂದಾಗ ಒಂಬತ್ತನೇ ತರಗತಿಯ ಎರಡು ಸೆಕ್ಷನ್ನುಗಳನ್ನು ನಾವಿಬ್ಬರೂ ಹಂಚಿಕೊಂಡೆವು. ಎ ಸೆಕ್ಷನ್ ನನಗೆ, ಬಿ ಅವಳಿಗೆ. ಎರಡು ಕೋಣೆಗಳ ನಡುವೆ ಇದ್ದದ್ದು ಹೆಸರಿಗೆ ಗೋಡೆ. ಮೇಲೆ ಮಾಳಿಗೆಯವರೆಗೆ ಮುಟ್ಟದೆ ನಡುವಿನಲ್ಲೇ ನಿಂತುಬಿಟ್ಟಿತ್ತು. ಅವಳು ಪದ್ಯ ಓದುವುದು ನನ್ನ ಕೋಣೆಗೆ ಕೇಳುತ್ತಿತ್ತು. ಎರಡು ಸಲ ಓದಿ, ಪುಸ್ತಕ ಮುಚ್ಚಿ, ಅವಳು ಕೇಳುತ್ತಿದ್ದ ಪ್ರಶ್ನೆ ಒಂದೇ.

"ಏನು ಕಾಣ್ತು?"

ಅರ್ಥವೇನು ಎಂದಲ್ಲ. ಏನು ಕಾಣ್ತು. ಯಾರಿಗಾದರೂ ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದು ಬಳೆ ಡಬ್ಬಿಗೆ ಹಾಕಬೇಕು. ಅವಳು ಒಂದೊಂದೇ ಚೀಟಿ ತೆಗೆದು ಓದಿ, ಅದರ ಮೇಲೆ ಮಾತು ಬೆಳೆಸುತ್ತಿದ್ದಳು. ಕೊನೆಗೆ ಎಲ್ಲರೂ ತಮ್ಮ ತಮ್ಮ ಮನೆಯ ವಿಷಯಕ್ಕೆ ಆ ಪದ್ಯವನ್ನು ತಿರುಗಿಸಿ ನಾಲ್ಕಾರು ಸಾಲು ಬರೆಯಬೇಕು.

ಒಂದು ದಿನ ಗೂಡಿಗೆ ಹೋಗುವ ಹಕ್ಕಿಯ ಪದ್ಯ ನಡೆಯುತ್ತಿತ್ತು. ಎರಡೂ ಕೋಣೆಗಳಲ್ಲಿ ಅದೇ ಪದ್ಯ. ಆಚೆಯಿಂದ ಶಾಹೀನಳ ದನಿ ಬಂತು.

"ಈ ಪದ್ಯದಲ್ಲಿ ಎಷ್ಟು ಹೊತ್ತಾಗಿದೆ?"

"ಸಾಯಂಕಾಲ ಮಿಸ್."

"ಹೆಂಗೆ ಗೊತ್ತಾಯ್ತು?"

"ಹಕ್ಕಿ ಮನೆಗೋಯ್ತಾ ಐತಲ್ಲ ಮಿಸ್."

"ಯಾಕೆ, ಬೆಳಿಗ್ಗೆ ಆಗಿರಬಾರದಾ?"

"ಬೆಳಗ್ಗೆ ಯಾವನ್ ಮಿಸ್ ಮನೆಗೋಯ್ತಾನೆ?"

"ನೈಟ್ ಡ್ಯೂಟಿ ಇರೋನ್ ಹೋಯ್ತಾನೆ ಕಣ್ಲಾ!" ಎಂದು ಇನ್ನೊಬ್ಬ ಕೂಗಿದ. ಕೋಣೆ ತುಂಬ ನಗು. ಶಾಹೀನಳೂ ನಗುತ್ತ, "ಅರೆ! ಸರಿ, ಹಂಗಾದ್ರೆ ನೈಟ್ ಡ್ಯೂಟಿ ಮಾಡೋ ಹಕ್ಕಿ ಯಾವುದು?" ಎಂದಳು.

"ಗೂಬೆ ಮಿಸ್!"

ಈ ಉತ್ತರ ಬಂದದ್ದು ನನ್ನ ಕೋಣೆಯಿಂದ. ನನ್ನ ಎರಡನೇ ಬೆಂಚಿನ ಹುಡುಗ ಎದ್ದು ನಿಂತು, ನನ್ನ ಕಡೆ ಬೆನ್ನು ಹಾಕಿ, ಗೋಡೆಗೆ ಉತ್ತರ ಕೊಟ್ಟಿದ್ದ. ನಾನು ಆಗ ಬೋರ್ಡಿನ ಮೇಲೆ 'ಇಲ್ಲಿ ಕವಿಯು' ಎಂದು ಬರೆದು ಮುಂದಿನ ಪದಕ್ಕೆ ಕೈ ಎತ್ತಿದ್ದೆ.

ಆಮೇಲೆ ಸ್ಟಾಫ್ ರೂಮಿನಲ್ಲಿ ಗಣಿತದ ತಿಪ್ಪೇಸ್ವಾಮಿ ಮೇಷ್ಟ್ರು ಚಹಾ ಊದಿಕೊಳ್ಳುತ್ತ, "ಏನ್ ಮೇಡಂ, ಪಕ್ಕದ್ ಅಂಗ್ಡೀಲಿ ಯಾಪಾರ ಜೋರು. ನಿಮ್ ಗಿರಾಕಿಗಳೂ ಗ್ವಾಡೆ ಹತ್ಕಂಡು ಅತ್ಲಾಗೇ ಹೋಗ್ತಾವ್ರೆ?" ಎಂದರು. ನಾನು ನಕ್ಕೆ. ಮನೆಗೆ ಹೋಗಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಅವಳಂತೆಯೇ ಮಾಡಿ ನೋಡೋಣ ಎಂದು ನಾನೂ ಒಂದು ಡಬ್ಬಿ ತೆಗೆದುಕೊಂಡು ಹೋದೆ. ನನ್ನ ಬಳಿ ಬಳೆ ಡಬ್ಬಿ ಇರಲಿಲ್ಲ. ಅಡುಗೆಮನೆಯ ಸ್ಟೀಲ್ ಡಬ್ಬಿಯೊಂದನ್ನು ಚೆನ್ನಾಗಿ ತೊಳೆದು ಒಯ್ದೆ. ಪದ್ಯ ಓದಿದೆ, ಪುಸ್ತಕ ಮುಚ್ಚಿದೆ, "ಏನು ಕಾಣ್ತು, ಬರೆದು ಹಾಕಿ" ಎಂದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬರೆದು ಹಾಕಿದರು. ಹೆಚ್ಚಿನ ಚೀಟಿಗಳಲ್ಲಿ ಇದ್ದದ್ದು, 'ಇದು ಎಕ್ಸಾಮಿಗೆ ಬರುತ್ತಾ ಮಿಸ್?' ಒಂದರಲ್ಲಿ, 'ಎರಡು ಮಾರ್ಕ್ಸಿಗಾ, ನಾಲ್ಕು ಮಾರ್ಕ್ಸಿಗಾ?' ಇನ್ನೊಂದರಲ್ಲಿ ಮುದ್ದಾದ ಅಕ್ಷರದಲ್ಲಿ, 'ಈ ಡಬ್ಬಿಯಲ್ಲಿ ಉಪ್ಪಿನಕಾಯಿ ಇತ್ತಾ ಮಿಸ್?' ನಿಜವಾಗಿ ನೋಡಿದರೆ ಆ ದಿನ ಕಣ್ಣು ಬಿಟ್ಟು ಬರೆದದ್ದು ಆ ಮಗುವೊಂದೇ. ಆದರೆ ಅದು ನನಗೆ ಹೊಳೆದದ್ದು ಬಹಳ ತಡವಾಗಿ. ಆಗ ಡಬ್ಬಿ ಮುಚ್ಚಿ, ಇಲ್ಲಿ ಕವಿಯು ಎಂದು ಶುರುಮಾಡಿದೆ. ಮಕ್ಕಳು ನಿರಾಳವಾಗಿ ಪೆನ್ನು ತೆಗೆದರು.

ಇಷ್ಟಾದರೂ ನನ್ನ ಹೊಟ್ಟೆಕಿಚ್ಚು ಸಹಿಸಿಕೊಳ್ಳುವ ಮಟ್ಟದಲ್ಲೇ ಇತ್ತು. ಸಹಿಸಲಾಗದ್ದು ಮೌನಿಕಳ ವಿಷಯ.

ಮೌನಿಕ ಪಾವಗಡದ ಕಡೆಯ ಕ್ಯಾತಗಾನಚೆರ್ಲಿನ ಹುಡುಗಿ. ಮಧುಗಿರಿಯ ಹಾಸ್ಟೆಲಿನಲ್ಲಿದ್ದುಕೊಂಡು ಓದಲು ಬಂದವಳು. ಮನೆಯಲ್ಲಿ ತೆಲುಗು, ಊರಲ್ಲಿ ಅರ್ಧ ತೆಲುಗು, ಶಾಲೆಯಲ್ಲಿ ಕನ್ನಡ. ಎಂಟನೇ ತರಗತಿಯಲ್ಲಿ ಅವಳು ನನ್ನ ಸೆಕ್ಷನ್ನಿನಲ್ಲಿದ್ದಳು. ನಮ್ಮ ಕಡೆಯ ಮಕ್ಕಳಿಗೆ 'ಹ' ಎಂದರೆ ಅಲರ್ಜಿ. ಹಾಲು ಅವರಿಗೆ ಆಲು, ಹಸು ಅಸು. ಕೆಂಪು ಶಾಯಿಯಲ್ಲಿ ಆ ಹಕಾರಗಳನ್ನು ಅಂಟಿಸುವುದರಲ್ಲೇ ನನ್ನ ಅರ್ಧ ಆಯುಸ್ಸು ಹೋಗಿದೆ. ಆದರೆ ಮೌನಿಕ ನಾನು ತಿದ್ದಿದ್ದನ್ನು ಮತ್ತೆ ತಪ್ಪುತ್ತಿರಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮಿಸ್, ಒಂದು ಬರ್ದಿದೀನಿ, ನೋಡ್ತೀರಾ?" ಎಂದು ಹಾಳೆ ಚಾಚುತ್ತಿದ್ದಳು. ಇರುವೆಯ ಮೇಲೆ ಎರಡು ಸಾಲು, ಹಾಸ್ಟೆಲಿನ ಉಪ್ಪಿಟ್ಟಿನ ಮೇಲೆ ಮೂರು ಸಾಲು. ನಾನು ತಿದ್ದಿ, 'ಜಾಣೆ' ಎಂದು ಬರೆದು ಕೊಡುತ್ತಿದ್ದೆ.

ಒಂಬತ್ತಕ್ಕೆ ಅವಳು ಬಿ ಸೆಕ್ಷನ್ನಿಗೆ ಹೋದಳು. ಸ್ವಲ್ಪ ದಿನ ಎರಡೂ ಕಡೆ ತೋರಿಸಿದಳು. ಆಮೇಲೆ ಬಾಗಿಲಿಗೆ ಬಂದವಳು ನನ್ನನ್ನು ದಾಟಿ ಒಳಗೆ ಇಣುಕಿ, "ಶಾಹೀನ್ ಮಿಸ್ ಇದಾರಾ ಮಿಸ್?" ಎಂದು ಕೇಳತೊಡಗಿದಳು. "ಇಲ್ಲಮ್ಮ, ನಾನಿದೀನಲ್ಲ, ಕೊಡು" ಎಂದರೆ, "ಪರ್ವಾಗಿಲ್ಲ ಮಿಸ್, ಆಮೇಲೆ ಬರ್ತೀನಿ." ಹಾಳೆ ಬೆನ್ನ ಹಿಂದೆ. ವಯಸ್ಸಾದ ಮೇಲೆ ಹೀಗೆಲ್ಲ ನೋವಾಗುತ್ತದೆ ಎಂದು ಯಾವ ಮೀಮಾಂಸೆಯೂ ನನಗೆ ಹೇಳಿಕೊಟ್ಟಿರಲಿಲ್ಲ. ಆ ಹಾಳೆಯಲ್ಲಿ ಏನಿದೆ ಎಂದು ನನಗಿಂತ ಮೊದಲು ಶಾಹೀನಳಿಗೆ ಗೊತ್ತಾಗುತ್ತದಲ್ಲ, ಅದೊಂದೇ ಸಂಕಟ. ಒಂದೇ ಒಂದು ಸಲ ಮೊದಲು ನನಗೆ ತೋರಿಸಲಿ ಎಂದು ಹರಕೆ ಹೊರುವುದೊಂದು ಬಾಕಿ ಇತ್ತು.

ಹೀಗಿರುವಾಗ ಆ ಹೊಂಗೆ ಮರದ ಮಧ್ಯಾಹ್ನ ಬಂತು. ನಮ್ಮ ಕೋಣೆಗಳಿಗೆ ಸುಣ್ಣ ಬಳಿಯುತ್ತಿದ್ದರು. ಎರಡೂ ಸೆಕ್ಷನ್ನುಗಳನ್ನು ಮರದ ಕೆಳಗೆ ಕೂರಿಸಿದೆವು. ಪಾಠ ಅವಳದು. ನನಗೆ ಒಂದು ಕುರ್ಚಿ, ಮದುವೆ ಮನೆಯಲ್ಲಿ ಬೀಗರಿಗೆ ಹಾಕುವ ಹಾಗೆ. ಹೊಲದ ಮೇಲಿನ ಪದ್ಯವೊಂದನ್ನು ಓದಿ, ಮಾತಾಡಿಸಿ, ಶಾಹೀನ್ ಹೇಳಿದಳು. "ನಿಮ್ಮನೆ ಹೊಲ, ಇಲ್ಲಾ ಹಿತ್ತಲು, ಇಲ್ಲಾ ಅಂಗಡಿ. ಅಲ್ಲೇನಿದೆ ಅದನ್ನ ಬರೀರಿ. ಇರೋದನ್ನ ಮಾತ್ರ. ಚಂದ ಮಾಡೋಕೆ ಹೋಗ್ಬೇಡಿ."

ಬರೆದಾದ ಮೇಲೆ ಒಬ್ಬೊಬ್ಬರೇ ಓದಿದರು. ದಾಳಿಂಬೆ ಬಂತು, ಹುಣಸೆಮರ ಬಂತು, ಪಂಕ್ಚರ್ ಅಂಗಡಿ ಬಂತು. ಆಮೇಲೆ ಮೌನಿಕ ಎದ್ದು ನಿಂತು ಓದಿದಳು.

ನಮ್ಮಪ್ಪ ಎಂಡ ಮಾರುತ್ತಾನೆ.
ಮೊದಲು ಕಡ್ಲೆಕಾಯಿ ಮಾರುತ್ತಿದ್ದ.
ಎಂಡಕ್ಕೆ ಕಳೆ ಕೀಳಬೇಕಿಲ್ಲ, ಹಂದಿ ಕಾಯಬೇಕಿಲ್ಲ.
ಬೇಲಿಯೊಳಗೆ ಎಂಡ ತಾನೇ ತುಂಬಿಕೊಳ್ಳುತ್ತದೆ.
ಸಂಜೆ ಅಪ್ಪ ಬೇಲಿ ಹಿಡಿದು ನಿಲ್ಲುತ್ತಾನೆ.
ಒಳಗೆ ಹೋಗುವುದಕ್ಕೆ ಅವನಿಗೆ ದಾರಿಯಿಲ್ಲ.

ಮೊದಲ ಸಾಲಿಗೇ ಕಿಸಕ್ಕೆಂದಿದ್ದವರು ಅಪ್ಪ ಬೇಲಿ ಹಿಡಿದು ನಿಲ್ಲುವಷ್ಟರಲ್ಲಿ ನೆಲದ ಮೇಲೆ ಉರುಳಾಡುತ್ತಿದ್ದರು. "ಅವ್ರಪ್ಪ ಎಂಡ ಮಾರ್ತಾನಂತೆ ಕಣ್ಲಾ!" "ಮಾರೋದೇನ್ ಬಂತು, ಅವ್ನೇ ಕುಡ್ಬುಟ್ಟವ್ನೆ, ಬೇಲಿ ಹಿಡ್ಕಂಡವ್ನಲ್ಲ!" ನನ್ನ ಎ ಸೆಕ್ಷನ್ನಿನ ಹುಡುಗರೇ ಜೋರು.

ಶಾಹೀನಳ ಮುಖ ನೋಡಿದೆ. ಅವಳಿಗೂ ಅದು ಹೆಂಡವೇ. ಕಣ್ಣಲ್ಲಿ ನೀರು ತಂದುಕೊಂಡು, "ಪರವಾಗಿಲ್ಲ ಬೇಟಾ, ಮನೆ ವಿಷಯ ಹಿಂಗೆ ಬರೆಯೋಕೆ ಧೈರ್ಯ ಬೇಕು. ನೋಡ್ರೋ, ಎಷ್ಟು ಧೈರ್ಯ!" ಎನ್ನುತ್ತಿದ್ದಳು.

ನನ್ನ ಮನಸ್ಸಿನಲ್ಲಿ ಮೊದಲು ಮೂಡಿದ್ದು ಕೆಂಪು ಶಾಯಿಯ ಒಂದು 'ಹೆ'. ಛೆ, ಮೌನಿಕಳೂ ತಪ್ಪಿದಳಲ್ಲ ಎಂದುಕೊಂಡೆ. ಆಮೇಲೆ, ಎಲ್ಲಿಂದಲೋ, ವೈ.ಎನ್. ಹೊಸಕೋಟೆಯ ಒಂದು ಹಂಚಿನ ಮನೆ ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಅಲ್ಲಿ ಬಾಡಿಗೆಗಿದ್ದೆ. ರಜೆಯ ದಿನ ಅಂಗಳದಲ್ಲಿ ಪುಸ್ತಕ ಹಿಡಿದು ಕೂತರೆ ಮನೆಯ ಯಜಮಾನಿ ಒಳಗಿನಿಂದ ಕೂಗುತ್ತಿದ್ದಳು. "ಎಂಡ ಜಾಸ್ತಿಗಾ ಉಂದಿ, ಲೋಪಲಿಕಿ ರಾಮ್ಮ!" ಬಿಸಿಲು ಜಾಸ್ತಿ ಇದೆ, ಒಳಗೆ ಬಾರಮ್ಮ.

ಎಂಡ. ತೆಲುಗಿನಲ್ಲಿ ಬಿಸಿಲು.

ಕ್ಯಾತಗಾನಚೆರ್ಲಿನ ಹೊಲಗಳಲ್ಲಿ ಈಗ ಸೋಲಾರಿನ ಕರಿ ಗಾಜಿನ ಹಲಗೆಗಳು ಸಾಲಾಗಿ ಮಲಗಿವೆ. ಸುತ್ತ ಬೇಲಿ. ಮೌನಿಕಳ ಅಪ್ಪ ಹೊಲವನ್ನು ಅದಕ್ಕೆ ಗುತ್ತಿಗೆ ಕೊಟ್ಟಿದ್ದಾನೆ. ಅವನು ಮಾರುತ್ತಿದ್ದದ್ದು ಬಿಸಿಲು. ಕನ್ನಡದಲ್ಲಿ ಬರೆಯುತ್ತ ಬರೆಯುತ್ತ ಆ ಒಂದು ಪದದ ಹತ್ತಿರ ಬಂದಾಗ ಹುಡುಗಿಯ ಕೈ ಮನೆಯ ಕಡೆ ತಿರುಗಿಬಿಟ್ಟಿದೆ.

ಈಗ ನನಗೆ ಚೆನ್ನಾಗಿ ನೆನಪಿರುವ ಭಾಗ. ನಾನು ಕುರ್ಚಿಯಿಂದ ಎದ್ದೆ. "ಸುಮ್ನಿರ್ರೋ! ಅದು ಹೆಂಡ ಅಲ್ಲ. ತೆಲುಗಲ್ಲಿ ಎಂಡ ಅಂದ್ರೆ ಬಿಸಿಲು ಕಣ್ರೋ!" ಎಂದು ಗುಡುಗಿದೆ. ನಗು ನಿಂತಿತು. ಮರದ ಕೆಳಗೆ ಎಲ್ಲರೂ ಪದ್ಯವನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿಕೊಂಡರು. ಶಾಹೀನ್ ಬಾಯಿ ತೆರೆದು ನನ್ನನ್ನೇ ನೋಡಿದಳು. ಅವಳಿಗೆ ಕಾಣದ್ದು ನನಗೆ ಕಂಡಿತ್ತು. ಇದನ್ನು ಆಮೇಲೆ ತಿಪ್ಪೇಸ್ವಾಮಿ ಮೇಷ್ಟ್ರಿಗೆ ಹೇಳಿದ್ದೇನೆ, ತಮ್ಮನಿಗೆ ಹೇಳಿದ್ದೇನೆ, ಕೊರಟಗೆರೆಯಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಪರಿಚಯವಿಲ್ಲದವರಿಗೂ ಹೇಳಿದ್ದೇನೆ. ಹೇಳಿದಷ್ಟೂ ನನ್ನ ಗುಡುಗು ಜೋರಾಗಿದೆ.

ಅಂದಿನ ಡೈರಿ ತೆಗೆದು ನೋಡಿದೆ. ನಾನು ದಿನವೂ ಬರೆಯುವವಳು. ಆ ದಿನದ ಪುಟದಲ್ಲಿ ಇದ್ದದ್ದು ಇಷ್ಟೇ. 'ಮರದ ಕೆಳಗೆ ಕ್ಲಾಸು. ಸೆಕೆ. ಶಾಹೀನಳ ಸೀರೆ ಚೆನ್ನಾಗಿತ್ತು.'

ಆ ಮಧ್ಯಾಹ್ನದ ನಂತರ ಮೌನಿಕ ಬರೆಯುವುದನ್ನು ನಿಲ್ಲಿಸಿದಳು. ಅರ್ಥ ಎಲ್ಲರಿಗೂ ತಿಳಿದಿತ್ತು. ಆದರೆ ಒಳ್ಳೆಯ ಅಡ್ಡಹೆಸರು ಸಿಕ್ಕಿದ ಮೇಲೆ ಅರ್ಥ ತಿಳಿಯಿತೆಂದು ಬಿಟ್ಟುಕೊಡುವ ಹುಡುಗರು ಎಲ್ಲಿದ್ದಾರೆ? ಅವಳು 'ಎಂಡದಂಗ್ಡಿ' ಆದಳು. ನೀರು ಕುಡಿಯಲು ಹೋದರೆ "ಎಂಡದಂಗ್ಡಿ ಬಂತು ಲೇ", ತಿರುಗಿ ಹೊರಟರೆ "ಅಂಗ್ಡಿ ಬಾಗ್ಲಾಕ್ತು." ಬಾಗಿಲಲ್ಲಿ ನಿಂತು ಹಾಳೆ ಚಾಚುವುದು ನಿಂತಿತು. ಡಬ್ಬಿಗೆ ಚೀಟಿ ಹಾಕುವುದೂ ನಿಂತಿತು. ಶಾಹೀನ್ ಅವಳಿಗೆ ಅಂಗಡಿಯಿಂದ ನೀಲಿ ಗಾಜಿನ ಬಳೆ ತಂದುಕೊಟ್ಟಳು. ನಾನು ಕಡ್ಲೆ ಮಿಠಾಯಿ ಕೊಟ್ಟೆ. ಇಬ್ಬರದನ್ನೂ ತೆಗೆದುಕೊಂಡಳು, "ಥ್ಯಾಂಕ್ಸ್ ಮಿಸ್" ಎಂದಳು, ಬರೆಯಲಿಲ್ಲ. ಅವಳು ಶಾಹೀನಳಿಗೂ ತೋರಿಸುತ್ತಿಲ್ಲ ಎಂದು ನನಗೆ ಮೊದಲ ಎರಡು ದಿನ ಸಮಾಧಾನವಾಗಿತ್ತು. ಮೂರನೆಯ ದಿನದಿಂದ ಆ ಸಮಾಧಾನದ ಮೇಲೆಯೇ ಸಿಟ್ಟು ಬಂತು. ಮಗು ಬರೆಯದೇ ಇದ್ದರೆ ನಾವು ಯಾವುದಕ್ಕೆಂದು ಹೊಟ್ಟೆಕಿಚ್ಚು ಪಡುವುದು?

ಅಷ್ಟರಲ್ಲಿ ವರ್ಷ ಮುಗಿಯಿತು, ಶಾಹೀನಳಿಗೆ ವರ್ಗವಾಯಿತು, ಡಬ್ಬಿ ನನ್ನ ಮೇಜಿಗೆ ಬಂತು. ಅವಳು ಹೋದ ಮೇಲೆ ಫೋನಿನಲ್ಲಿ ಸಿಕ್ಕಾಗಲೆಲ್ಲ ಮೊದಲು ಕೇಳುತ್ತಿದ್ದದ್ದು, "ಮೌನಿಕ ಏನಾದ್ರೂ ಬರೆದ್ಲಾ ಆಪಾ?" ಇಲ್ಲ ಎನ್ನುತ್ತಿದ್ದೆ. ಒಮ್ಮೆ ಮಾತಿಗೆ ಮಾತು ಬಂದು, "ಅವತ್ತು ನಾನು ಎದ್ದು ಹೇಳಿದ್ದಕ್ಕೆ ಸರಿಹೋಯ್ತು, ಇಲ್ದಿದ್ರೆ ಅವರಪ್ಪನ ಮಾನ ಹೋಗ್ತಿತ್ತು" ಎಂದೆ.

"ಅರೆ ಆಪಾ, ನಾನೇ ಅಲ್ವಾ ಅವಳನ್ನ ಕೇಳಿದ್ದು, ಎಂಡ ಅಂದ್ರೆ ಏನಮ್ಮ ಅಂತ? ಆಮೇಲೆ ನೀವು ಹೌದು ಹೌದು ಅಂದ್ರಿ."

"ನೀನು ಧೈರ್ಯ ಧೈರ್ಯ ಅಂತಿದ್ದೆ ಕಣೆ."

"ಅದು ಮೊದಲು. ಆಮೇಲೆ ಕೇಳ್ದೆ."

ಜಗಳವಾಡಲಿಲ್ಲ. ಆದರೆ ಫೋನಿಟ್ಟ ಮೇಲೆ ಇಬ್ಬರೂ ಆ ಮರದ ಕೆಳಗೆ ಒಂದು ಸುತ್ತು ಓಡಾಡಿರುತ್ತೇವೆ ಎಂಬುದರಲ್ಲಿ ಸಂಶಯವಿಲ್ಲ. ರತ್ನ ನೆನಪಾದಳು. ನನ್ನ ಕ್ಲಾಸಿನಲ್ಲಿ ಇಲ್ಲದೆಯೂ ಹಾಡಿದ ರತ್ನ.

ಈ ವರ್ಷ ಮೌನಿಕ ಹತ್ತನೇ ತರಗತಿ. ಸೆಕ್ಷನ್ನುಗಳನ್ನು ಕೂಡಿಸಿದ್ದಾರೆ, ಅವಳು ಮತ್ತೆ ನನ್ನ ತರಗತಿಗೆ ಬಂದಿದ್ದಾಳೆ. ಕೊನೆಯ ಬೆಂಚು. ಮೊನ್ನೆ ಮೊದಲ ಪದ್ಯ ಶುರುವಾಯಿತು. ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಮಕ್ಕಳು ಡಬ್ಬಿ ನೋಡಿ ಒಮ್ಮೆ, ನನ್ನನ್ನು ನೋಡಿ ಒಮ್ಮೆ, ಏನೋ ಕಳವಿನ ಮಾಲು ಗುರುತು ಹಿಡಿದವರ ಹಾಗೆ ಕೂತರು. ಪದ್ಯ ಎರಡು ಸಲ ಓದಿದೆ. ಪುಸ್ತಕ ಮುಚ್ಚಿದೆ. ಬಾಯಿ ತನ್ನಷ್ಟಕ್ಕೆ, "ಇಲ್ಲಿ..." ಎಂದಿತು. ಮುಂದಿನ ಬೆಂಚಿನ ಹುಡುಗ ಸಹಾಯ ಮಾಡಲೆಂದು, "ಕವಿಯು" ಎಂದ. ಇಷ್ಟು ವರ್ಷ ನಾನು ಕೇಳಿಸಿಕೊಳ್ಳದ ಹೆಸರು ಅದು.

"ಕವಿಯು ಇಲ್ಲಿಲ್ಲ ಕಣಪ್ಪ. ನೀವೇ ಹೇಳ್ಬೇಕು" ಎಂದೆ. "ಏನು ಕಾಣ್ತು?"

ನಗು ಬಂತು, ಒಳ್ಳೆಯ ನಗು. ಕೊನೆಯ ಬೆಂಚಿನಲ್ಲೂ ಬಂತು. ಯಾರೋ ಏನೋ ಹೇಳಿದರು, ಇನ್ನೊಬ್ಬರು ಅಲ್ಲವೆಂದರು. ನಾನು ಮಧ್ಯೆ ಬಾಯಿ ಹಾಕದಿರಲು ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಚೆನ್ನಾಗೇನೂ ಆಗಲಿಲ್ಲ ಆ ಪಾಠ. ಡಬ್ಬಿಗೆ ಬಿದ್ದ ಚೀಟಿಗಳಲ್ಲಿ ಎಕ್ಸಾಮಿನವೇ ಹೆಚ್ಚು.

ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ಮೌನಿಕ ನಿಂತಿದ್ದಳು. ಕೈಗಳು ಬೆನ್ನ ಹಿಂದೆ. ಆದರೂ ಹಾಳೆಯ ಬಗ್ಗೆ ಕೇಳದೆ, ಎಷ್ಟೋ ದಿನದಿಂದ ಕೊರೆಯುತ್ತಿದ್ದದ್ದನ್ನೇ ಮೊದಲು ಕೇಳಿಬಿಟ್ಟೆ. ಹೊಟ್ಟೆಕಿಚ್ಚಿಗೆ ಸಮಯಪ್ರಜ್ಞೆ ಇರುವುದಿಲ್ಲ.

"ಅಲ್ಲ ಮೌನಿಕ, ಅವತ್ತು ಮರದ ಕೆಳಗೆ, ಎಂಡ ಅಂದ್ರೆ ಬಿಸಿಲು ಅಂತ ಮೊದಲು ಹೇಳಿದ್ದು ಯಾರಮ್ಮ? ನಾನಾ, ಶಾಹೀನ್ ಮಿಸ್ಸಾ?"

ಹುಡುಗಿ ನನ್ನನ್ನು ವಿಚಿತ್ರವಾಗಿ ನೋಡಿದಳು. "ನೀವೂ ಅಲ್ಲ, ಅವ್ರೂ ಅಲ್ಲ ಮಿಸ್. ನೀವು 'ಸುಮ್ನಿರ್ರೋ ಸುಮ್ನಿರ್ರೋ' ಅಂತ ಕೂಗ್ತಾ ಇದ್ರಿ. ಶಾಹೀನ್ ಮಿಸ್ಸು 'ಧೈರ್ಯ ಧೈರ್ಯ' ಅಂತಿದ್ರು. ಯಾರಿಗೂ ಕೇಳ್ತಾನೇ ಇರ್ಲಿಲ್ಲ. ನಾನೇ ಹಿಂಗೆ ಮೇಲಕ್ಕೆ ಕೈ ತೋರ್ಸಿ, 'ಅದು ಮಿಸ್, ಅದು ಎಂಡ' ಅಂದೆ. ಆಗ ಎಲ್ರೂ ಮೇಲಕ್ಕೆ ನೋಡಿದ್ರು. ನೀವಿಬ್ರೂ ನೋಡಿದ್ರಿ. ಶಾಹೀನ್ ಮಿಸ್ಗೆ ಸೀನು ಬಂತು."

ಸೀನು! ಬಿಸಿಲನ್ನು ದಿಟ್ಟಿಸಿದರೆ ಶಾಹೀನಳಿಗೆ ಸೀನು ಬರುವುದು ನನಗೂ ಗೊತ್ತು. ಇಂಥದನ್ನು ಯಾರೂ ಕಟ್ಟಿ ಹೇಳುವುದಿಲ್ಲ. ನನ್ನ ಗುಡುಗು ಅಲ್ಲಿಗೆ ಮುಗಿಯಿತು. ಕೊರಟಗೆರೆಯ ಆ ಪಂಕ್ತಿಯವರನ್ನು ಇನ್ನು ಎಲ್ಲಿ ಹುಡುಕಿ ತಿದ್ದುವುದು?

"ಈಗ್ಲೂ ಎಂಡದಂಗ್ಡಿ ಅಂತಾರಾ?" ಎಂದೆ.

"ಅಂತಾರೆ ಮಿಸ್. ನಿಮ್ಗೂ 'ಇಲ್ಲಿ ಕವಿಯು' ಅಂತಾರಲ್ಲ" ಎಂದು ತುಟಿ ಕಚ್ಚಿಕೊಂಡಳು.

"ಗೊತ್ತು. ಇವತ್ತು ಕೇಳಿಸ್ಕೊಂಡೆನಲ್ಲ."

"ಹೂಂ ಮಿಸ್, ಅದ್ಕೇ ಬಂದೆ" ಎಂದು ಬೆನ್ನ ಹಿಂದಿನಿಂದ ಹಾಳೆ ತೆಗೆದಳು. ಪೆನ್ಸಿಲಿನಲ್ಲಿ ಬರೆದ ಕೆಲವೇ ಸಾಲು. ನಾನು ಕೈ ಚಾಚಿದೆ. ಅವಳು ಹಾಳೆ ಕೊಡದೆ ಎದೆಗೆ ಹಿಡಿದುಕೊಂಡು, "ನಿಮ್ ಫೋನಲ್ಲಿ ಫೋಟೋ ತೆಗ್ದು ಶಾಹೀನ್ ಮಿಸ್ಗೆ ವಾಟ್ಸಾಪ್ ಮಾಡ್ತೀರಾ ಮಿಸ್? ಹಾಸ್ಟೆಲಲ್ಲಿ ಫೋನ್ ಬಿಡಲ್ಲ" ಎಂದಳು.

ಅಲ್ಲಿಗೆ ನಾನು ಅಂಚೆಯವಳಾದೆ. ಹೊರಗೆ ನಗುಮುಖ ಇಟ್ಟುಕೊಂಡು ಫೋನು ತೆಗೆದೆ. ಹಾಳೆಯನ್ನು ಮೇಜಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ಬಳೆ ಡಬ್ಬಿಯನ್ನು ಅಂಚಿಗಿಟ್ಟು ಫೋಟೋ ತೆಗೆದು ಕಳಿಸಿದೆ. ಮೌನಿಕ ಬಾಗಿಲ ತನಕ ಹೋಗಿ ತಿರುಗಿದಳು.

"ನೀವೂ ಓದಿ ಮಿಸ್. ಅರ್ಥ ಮಾತ್ರ ಹೇಳ್ಬೇಡಿ."

ಓದಿದೆ. ಎರಡು ಸಲ ಓದಿದೆ. ಒಂದು ಕಡೆ ಹಕಾರ ಬಿಟ್ಟಿದ್ದಳು. ಕೆಂಪು ಪೆನ್ನು ಕೈಗೆ ಬಂತು, ಹಾಗೇ 'ಹೆ' ಬರೆಯಲು ಹೋದ ಕೈ ಆ ಪದವನ್ನು ಇನ್ನೊಮ್ಮೆ ನೋಡಿ ನಿಂತಿತು. ಪೆನ್ನಿನ ಮುಚ್ಚಳ ಹಾಕಿದೆ.

ಅಷ್ಟರಲ್ಲಿ ಫೋನು ಟಿಂಗ್ ಎಂದಿತು. ಶಾಹೀನ್ ಸಿರಾದಲ್ಲಿ ಫೋಟೋ ತೆರೆದು ನೋಡಿದ್ದಳು. ಟಿಕ್ ಗುರುತುಗಳು ನೀಲಿಯಾಗಿದ್ದವು. ಕೆಳಗೆ ಅವಳ ಅದೇ ಹಳೆಯ ಪ್ರಶ್ನೆ. 'ವಾಹ್ ಆಪಾ! ನಿಮಗೆ ಏನು ಕಾಣ್ತು?'

ಇಡೀ ಆಯುಸ್ಸು ಕೇಳದವರಿಗೂ ಅರ್ಥ ಹೇಳಿಕೊಂಡು ಬಂದವಳು ನಾನು. ಈ ಸಲ ಕೇಳಿದ್ದಾಳೆ, ಹೇಳುವುದಕ್ಕೂ ಇದೆ. ಆದರೆ ಉತ್ತರ ಬರೆಯಲಿಲ್ಲ. ಹುಡುಗಿ ಹೇಳಬೇಡಿ ಎಂದಳೆಂದು ಒಂದು ಕಾರಣ. ನಿಜವಾದ ಕಾರಣ ಬೇರೆ. ಆ ಪದ್ಯವನ್ನು ಶಾಹೀನ್ ಮೊದಲು ಓದಿರಬಹುದು. ಅದರಲ್ಲಿ ನನಗೆ ಕಂಡದ್ದಾದರೂ ನನ್ನೊಬ್ಬಳದಾಗಿರಲಿ. ಅವಳಿಗೆ ಹೇಳುವುದಿಲ್ಲ.

ನಿಮಗೂ ಹೇಳುವುದಿಲ್ಲ.